ಬಾತ್ಮೀದಾರನಿಗೆ ಹೃದಯವಿರಬಾರದೆ?

ವೃತ್ತಪತ್ರದ ಬಾತ್ಮೀದಾರನು ಕಲ್ಲೆದೆಯವನಾಗಿರಬೇಕು, ಕಂಡುದನ್ನು ಕಂಡಂತೆ ಬರೆದು ಕಳುಹಿಸಿ ಮನೆಗೆ ಹೋಗಿ ಉಂಡು ಮಲಗಬೇಕು, ಅಳುವವನು ಈ ಕಸಬಿಗೆ ತಕ್ಕವನಲ್ಲ ಎಂಬ ಒಂದು ಮತವು ಸುಶಿಕ್ಷಿತ ಕುಟುಂಬಗಳಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಪತ್ರಿಕೆಯ ಒಡೆಯರು ಇದನ್ನು ಬಾಯಿಬಿಟ್ಟು ಹೇಳುವರು; ಸಂಪಾದಕರು ಹೇಳದೆ ಆಚರಿಸುವರು; ವಾಚಕರು ಬೆಳಗಿನ ಚಹದೊಡನೆ ಇದನ್ನು ಒಪ್ಪಿಕೊಂಡು ಪುಟವನ್ನು ಮಗುಚುವರು. ಈ ಮತವು ಸುಳ್ಳೆಂಬುದಷ್ಟೇ ಅಲ್ಲ, ಒಡೆಯರಿಗೆ ಬಹಳ ಅಗ್ಗವಾದ ಮತವೂ ಹೌದು. ಏಕೆಂದರೆ ಹೃದಯವೇ ಇಲ್ಲದವನಿಗೆ ಗಾಯವಾಗುವುದಿಲ್ಲ. ಗಾಯವಾಗದವನಿಗೆ ಮದ್ದಿನ ವೆಚ್ಚವೂ ಇಲ್ಲ.

ಈ ವಿಷಯದಲ್ಲಿ ಲೋಕವು ಏನಾದರೂ ಕನಿಕರವನ್ನು ತೋರಿದ್ದರೆ ಅದು ಯುದ್ಧಭೂಮಿಗೆ ಹೋಗುವ ದೊಡ್ಡ ಪತ್ರಿಕೆಗಳ ಪ್ರತಿನಿಧಿಗಳ ಬಗ್ಗೆ ಮಾತ್ರ. ಅವರ ಸಂಕಟವು ಅಲ್ಪವೆಂದು ಯಾರೂ ಹೇಳಲಾರರು. ಆದರೆ ಅವರು ಎಂದಾದರೊಂದು ದಿನ ವಿಮಾನವನ್ನೇರಿ ಮನೆಗೆ ಮರಳುವರು; ಅವರು ಕಂಡ ಹೆಣಕ್ಕೂ ಅವರ ಮನೆಯ ಹೊಸ್ತಿಲಿಗೂ ನಡುವೆ ಒಂದು ಸಮುದ್ರವಾದರೂ ಇರುವುದು. ಮಾನ್ವಿಯ ಬಾತ್ಮೀದಾರನಿಗೆ, ದೇವದುರ್ಗದ ಬಾತ್ಮೀದಾರನಿಗೆ ಅಂಥ ಸಮುದ್ರವಿಲ್ಲ. ಅವನು ಬರೆದ ಮೃತನ ತಂದೆಯು ಮರುದಿನ ಸಂತೆಯಲ್ಲಿ ಅವನಿಗೆ ಎದುರಾಗುವನು. ತಾಲ್ಲೂಕಿನ ಬಾತ್ಮೀದಾರನೆಂದರೆ ಯಾರು? ಅನೇಕ ಕಡೆಗಳಲ್ಲಿ ಅವನೊಬ್ಬ ಸಣ್ಣ ಅಂಗಡಿಯವನು, ಇಲ್ಲವೆ ಖಾಸಗಿ ಶಾಲೆಯ ಉಪಾಧ್ಯಾಯ, ಇಲ್ಲವೆ ಆ ಪತ್ರಿಕೆಯನ್ನು ಊರಿನಲ್ಲಿ ಹಂಚುವ ಏಜೆಂಟನೇ. ಬರೆದುದಕ್ಕೆ ಅವನಿಗೆ ಸಿಕ್ಕುವುದು ಅತ್ಯಲ್ಪ ಗೌರವಧನ. ಅದಕ್ಕೂ ಪ್ರತಿಯಾಗಿ ಹಬ್ಬಹರಿದಿನಗಳಲ್ಲಿ ಜಾಹೀರಾತುಗಳನ್ನು ಕೂಡಿಸಿಕೊಡುವ ಹೊಣೆ ಅವನ ತಲೆಯ ಮೇಲೆ. ಇಂಥವನು ಬರೆದುದನ್ನೇ ರಾಜಧಾನಿಯು ಜಿಲ್ಲೆಯ ದುಃಖವೆಂದು ಓದುವುದು.

೨೦೨೪ರ ಸೆಪ್ಟೆಂಬರ್ ೫ನೆಯ ದಿನವನ್ನು ನೆನೆಯಬೇಕು. ಶಿಕ್ಷಕರ ದಿನಾಚರಣೆಯ ಬೆಳಗು. ಮಾನ್ವಿ ತಾಲ್ಲೂಕಿನ ಕಪಗಲ್ಲಿನ ಬಳಿಯಲ್ಲಿ ಶಾಲೆಯ ವಾಹನಕ್ಕೂ ಸಾರಿಗೆ ಸಂಸ್ಥೆಯ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಪ್ರಾಣವನ್ನು ನೀಗಿದರು. ಇನ್ನೂ ಅನೇಕ ಮಕ್ಕಳು ತೀವ್ರವಾಗಿ ಗಾಯಗೊಂಡರು. ಓದುವವನಿಗೆ ಇದು ನಾಲ್ಕು ಸಾಲು. ಆ ನಾಲ್ಕು ಸಾಲುಗಳು ಆಕಾಶದಿಂದ ಉದುರುವುದಿಲ್ಲ. ಇಂಥ ಸಂದರ್ಭಗಳಲ್ಲಿ ಒಬ್ಬನು ರಸ್ತೆಯಲ್ಲಿ ಚೆದರಿದ ಪಾಟಿಚೀಲಗಳ ನಡುವೆ ನಿಲ್ಲಬೇಕು. ಆಸ್ಪತ್ರೆಯ ಬಾಗಿಲಿನಲ್ಲಿ ಯಾವ ಮಗುವಿನದು ಯಾವ ಊರು, ಎಷ್ಟನೆಯ ತರಗತಿ, ವಯಸ್ಸು ಎಷ್ಟು ಎಂದು ಕೇಳಬೇಕು. ಕೇಳಿದುದು ತಪ್ಪಾಗಿದ್ದರೆ ಬದುಕಿರುವ ಮಗುವನ್ನು ಸತ್ತಿತೆಂದು ಬರೆದಂತಾಗುವುದೆಂಬ ಭಯದಿಂದ ಅದೇ ಪ್ರಶ್ನೆಯನ್ನು ಅದೇ ತಾಯಿಗೆ ಎರಡನೆಯ ಸಲ ಕೇಳಬೇಕು. ಕೊನೆಗೆ ಭಾವಚಿತ್ರ. ಜಿಲ್ಲಾ ಕಚೇರಿಯಿಂದ ಮೇಲಿಂದ ಮೇಲೆ ದೂರವಾಣಿ ಬರುತ್ತಿರುವುದು: ಎದುರಾಳಿ ಪತ್ರಿಕೆಯವರಿಗೆ ಸಿಕ್ಕಿದೆ, ನಿನಗೇಕೆ ಸಿಕ್ಕಿಲ್ಲ? ಅವನು ಮರಳಿ ಆ ಮನೆಗೆ ಹೋಗಿ, ಗೋಡೆಯ ಮೇಲಿನ ಪಟವನ್ನೋ ಶಾಲೆಯ ಗುರುತಿನ ಚೀಟಿಯನ್ನೋ ಬೇಡಿ ತರಬೇಕು. ಸಾಯಂಕಾಲ ತನ್ನ ಮಕ್ಕಳು ಶಾಲೆಯ ವಾಹನದಿಂದ ಇಳಿಯುವುದನ್ನು ಅವನು ಯಾವ ಕಣ್ಣಿನಿಂದ ನೋಡುವನೆಂಬುದು ಯಾವ ಪುಟದಲ್ಲಿಯೂ ಅಚ್ಚಾಗುವುದಿಲ್ಲ.

೨೦೨೨ರ ಆಗಸ್ಟ್ ೨೫ರಂದು ತುಮಕೂರು ಜಿಲ್ಲೆಯ ಶಿರಾ ಸಮೀಪದಲ್ಲಿ, ಕಳ್ಳಂಬೆಳ್ಳದ ಹತ್ತಿರ, ಬೆಂಗಳೂರಿಗೆ ಗುಳೆ ಹೊರಟಿದ್ದ ರಾಯಚೂರು ಜಿಲ್ಲೆಯ ಕೂಲಿಕಾರರ ವಾಹನವು ಲಾರಿಗೆ ತಾಗಿ ಒಂಬತ್ತು ಮಂದಿ ಸತ್ತರು. ದೇವದುರ್ಗ, ಮಾನ್ವಿ ಮೊದಲಾದ ಕಡೆಗಳಿಂದ ಹೊರಟಿದ್ದ ಬಡವರು. ಅವರಲ್ಲಿ ಎಳೆಯರೂ ಇದ್ದರು. ಘಟನೆಯು ಅಲ್ಲಿ ನಡೆದರೂ ವಾರ್ತೆಯು ಅರ್ಧ ಅಲ್ಲಿ, ಅರ್ಧ ಇಲ್ಲಿ. ಇಂಥ ಅಪಘಾತಗಳಾದಾಗ ಸರಕಾರದ ಮಾತು ಹಳ್ಳಿಯನ್ನು ಮುಟ್ಟುವುದಕ್ಕೆ ಮುಂಚೆ ಹೆಸರುಗಳ ಪಟ್ಟಿಯು ಬಾತ್ಮೀದಾರನ ಮೊಬೈಲನ್ನು ಮುಟ್ಟುವುದುಂಟು. ಹೆಣಗಳ ಚಿತ್ರಗಳು ಅದಕ್ಕೂ ಮುಂಚೆ. ಗುಡಿಸಲಿನ ಮುಂದೆ ಬಂದು ನಿಂತವನ ಮುಖವನ್ನು ನೋಡಿಯೇ ಮುದುಕಿಯೊಬ್ಬಳು ನೆಲಕ್ಕೆ ಕುಸಿಯುವಳು. ಕೇಳಲು ಬಂದವನು ಹೇಳಬೇಕಾಗುವುದು. ಈ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ, ಯಾರೂ ಸಿದ್ಧಗೊಳಿಸಿಯೂ ಇರಲಿಲ್ಲ.

ಇನ್ನು ತಾನೇ ಪಾಲುಗಾರನಾದ ವಿಪತ್ತುಗಳು. ೨೦೦೯ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಕೃಷ್ಣೆಯೂ ತುಂಗಭದ್ರೆಯೂ ಒಟ್ಟಿಗೆ ಉಕ್ಕಿದಾಗ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಮೀರಿದ ಜನರು ಮಡಿದರು. ಎಡೆದೊರೆ ನಾಡಿನ ಎರಡು ಅಂಚುಗಳಲ್ಲಿಯೂ ಊರುಗಳು ನೀರಿನಲ್ಲಿ ನಿಂತವು, ಹೊಳೆಯಾಚೆಯ ಮಂತ್ರಾಲಯವೂ ಮುಳುಗಿತು. ೨೦೨೨ರ ಮೇ-ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದ ನಲ್ಲಿಯ ನೀರೇ ವಿಷಪ್ರಾಯವಾಗಿ ಜನರು ಗುಂಪುಗುಂಪಾಗಿ ಅಸ್ವಸ್ಥರಾದರು, ಕೆಲವರು ಸತ್ತರು. ಮರುವರ್ಷ ಮೇ ತಿಂಗಳಿನಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಬಗೆಯ ನೀರು ಒಬ್ಬ ಬಾಲಕನನ್ನು ಕೊಂಡುಹೋಯಿತು. ಈ ವಾರ್ತೆಗಳನ್ನು ಬರೆದವರ ಮನೆಗಳಿಗೆ ಬೇರೆ ನಲ್ಲಿ ಇರಲಿಲ್ಲ. ಬಿಂದಿಗೆಯ ಮುಂದೆ ನಿಂತು ಹೆಂಡತಿಯು, "ಈ ನೀರು ಕುಡಿಯಬಹುದೇನ್ರೀ?" ಎಂದು ಕೇಳಿದಾಗ ಉತ್ತರ ಹೇಳಲಾರದವನು ಊರಿಗೆಲ್ಲ ಉತ್ತರವನ್ನು ತರಲು ಹೊರಡಬೇಕಾಗಿತ್ತು.

ಇಲ್ಲಿ ಪೂರ್ವಪಕ್ಷದವರು ಸಂಜಯನನ್ನು ಮುಂದೆ ತಂದು ನಿಲ್ಲಿಸುವರು. ಆದಿಬಾತ್ಮೀದಾರನಾದ ಸಂಜಯನು ಹದಿನೆಂಟು ಅಕ್ಷೌಹಿಣಿಗಳ ಸಂಹಾರವನ್ನು ಕಂಡು ಕುರುಡುರಾಜನಿಗೆ ನಿರ್ವಿಕಾರವಾಗಿ ಹೇಳಿದನಲ್ಲವೆ, ಇಂದಿನವರಿಗೆ ಇದೇನು ದೌರ್ಬಲ್ಯ ಎನ್ನುವರು. ಹೀಗೆನ್ನುವವರು ಪಂಚಾಂಗದ ಹಿಂಬದಿಯಲ್ಲಿ ಅಚ್ಚಾದ ಗೀತೋಪದೇಶದ ಚಿತ್ರವನ್ನು ನೋಡಿರುವರೇ ಹೊರತು ಭಾರತವನ್ನು ಓದಿದವರಲ್ಲ. ಭೀಷ್ಮಪರ್ವದಲ್ಲಿ ವ್ಯಾಸರು ಸಂಜಯನಿಗೆ ಕೊಟ್ಟ ವರವನ್ನು ಗಮನವಿಟ್ಟು ನೋಡಬೇಕು. ಬಹಿರಂಗವಾದುದೂ ರಹಸ್ಯವಾದುದೂ ಅವನಿಗೆ ಗೋಚರಿಸುವುದು. ಶಸ್ತ್ರಗಳು ಅವನನ್ನು ಕತ್ತರಿಸಲಾರವು. ಶ್ರಮವು ಅವನನ್ನು ಬಾಧಿಸಲಾರದು. ಆಯುಧದಿಂದ ಅಭಯವುಂಟು, ಆಯಾಸದಿಂದ ಅಭಯವುಂಟು. ಶೋಕದಿಂದ ಅಭಯವನ್ನು ಮಹರ್ಷಿಗಳೂ ಕೊಡಲಿಲ್ಲ! ಅದರ ಫಲವು ಶಲ್ಯಪರ್ವದ ಆರಂಭದಲ್ಲಿಯೇ ಕಾಣುವುದು. ದುರ್ಯೋಧನನ ಪಕ್ಷವು ನಾಶವಾದ ಮೇಲೆ ಸಂಜಯನು ತೋಳುಗಳನ್ನು ಮೇಲೆತ್ತಿಕೊಂಡು, ನಡುಗುತ್ತ, ಅಳುತ್ತ ಹಸ್ತಿನಾಪುರದ ಅರಮನೆಯನ್ನು ಹೊಕ್ಕನೆಂದು ಅಲ್ಲಿ ಹೇಳಿದೆ. ಸೌಪ್ತಿಕಪರ್ವದಲ್ಲಿಯಂತೂ ಶೋಕಪೀಡಿತನಾದ ತನ್ನಿಂದ ಋಷಿದತ್ತವಾದ ಆ ದಿವ್ಯದೃಷ್ಟಿಯೇ ನಷ್ಟವಾಯಿತೆಂದು ಸಂಜಯನು ತನ್ನ ಬಾಯಿಂದಲೇ ಹೇಳಿಕೊಳ್ಳುವನು. ಧೃತರಾಷ್ಟ್ರನಾದರೋ ಬಹುಮಟ್ಟಿಗೆ ತನ್ನ ಮಕ್ಕಳ ಗತಿಯನ್ನೇ ಕೇಳುತ್ತ ಹೋದವನು. ಮುಂದೇನಾಯಿತು, ಮುಂದೇನಾಯಿತು ಎಂಬುದೇ ಅವನ ಹಂಬಲ. ಇಂದಿನ ವಾಚಕನು ಯಾರ ಸ್ಥಾನದಲ್ಲಿ ಕುಳಿತಿರುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾವ್ಯಮೀಮಾಂಸೆಯನ್ನು ಬಲ್ಲವರು ಇನ್ನೊಂದು ಬಾಣವನ್ನು ಬಿಡುವುದುಂಟು. ಕರುಣವೂ ಒಂದು ರಸವಲ್ಲವೆ, ಶೋಕವೇ ಶ್ಲೋಕವಾಯಿತಲ್ಲವೆ, ಬರೆಯುವುದರಿಂದಲೇ ದುಃಖವು ತೀರುವುದಲ್ಲವೆ ಎಂಬುದು ಅವರ ವಾದ. ಈ ಬಾಣವು ತಿರುಗಿ ಅವರನ್ನೇ ತಾಕುವುದು. ಕ್ರೌಂಚದ ಪ್ರಸಂಗವನ್ನು ವ್ಯಾಖ್ಯಾನಿಸುವಾಗ ಅಭಿನವಗುಪ್ತಪಾದರು ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಲೋಚನದಲ್ಲಿ ಎಚ್ಚರಿಸಿರುವರು. ದುಃಖದಿಂದ ಬೇಯುತ್ತಿರುವವನಿಗೆ ಆ ದಶೆಯು ಲಭಿಸುವುದಿಲ್ಲ. ಸಾಧಾರಣೀಕರಣವೆಂಬ ವ್ಯಾಪಾರವು ನಡೆದು, ಈ ದುಃಖವು ಇಂಥವನದು ಎಂಬ ಕಟ್ಟು ಕಳಚಿದ ಮೇಲೆಯೇ ಶೋಕವು ಕರುಣವಾಗುವುದು. ತಾಲ್ಲೂಕಿನ ಬಾತ್ಮೀದಾರನಿಗೆ ಈ ಕಟ್ಟನ್ನು ಕಳಚುವ ಅಧಿಕಾರವೇ ಇಲ್ಲ. ಇಂಥವನ ಮಗ, ಇಂಥ ಊರು, ಇಷ್ಟು ವಯಸ್ಸು ಎಂಬ ಕಟ್ಟನ್ನು ಬಿಗಿಯುವುದೇ ಅವನ ಕಸಬು. ಅವನು ಕೊಟ್ಟುದನ್ನು ದೂರದ ನಗರದಲ್ಲಿ ಕುಳಿತು ಓದುವವನಿಗೆ ಕರುಣರಸವು ದೊರೆತೀತು. ಕೊಟ್ಟವನಿಗೆ ಉಳಿಯುವುದು ಹಸಿಯಾದ ಶೋಕ. ಅದೂ ಪುಟ ಮುಗಿಯುವ ವೇಳೆಗೆ, ಮುನ್ನೂರು ಶಬ್ದಗಳಲ್ಲಿ.

ಹಾಗಾದರೆ ವೈದ್ಯನಿಲ್ಲವೆ, ಪೊಲೀಸಿನವನಿಲ್ಲವೆ, ಸುಡುಗಾಡು ಕಾಯುವವನಿಲ್ಲವೆ, ಅವರೂ ದಿನವೂ ಸಾವನ್ನು ಕಾಣುವುದಿಲ್ಲವೆ ಎಂದು ಕೇಳಬಹುದು. ಕಾಣುವರು, ಅವರಿಗೂ ನೋವುಂಟು. ಆದರೆ ವೈದ್ಯನ ಕೈಗೆ ಮಾಡಲು ಒಂದು ಕೆಲಸವಿದೆ. ಅವನು ಮುಟ್ಟಿದರೆ ರಕ್ತವು ನಿಲ್ಲಬಹುದು. ಪೊಲೀಸಿನವನು ಪಂಚನಾಮೆಯನ್ನು ಬರೆದರೆ ಒಂದು ಕಾನೂನು ಚಲಿಸುವುದು. ಇವರಿಬ್ಬರಿಗೂ ಸಂಬಳವಿದೆ, ರಜೆಯಿದೆ, ನಿವೃತ್ತಿಯಿದೆ. ಬಾತ್ಮೀದಾರನ ಕೈಯಲ್ಲಿರುವುದು ಪ್ರಶ್ನೆಯೊಂದೇ. ಅಳುವವರ ನಡುವೆ ಪ್ರಶ್ನೆಯನ್ನು ಹಿಡಿದು ನಿಂತವನಿಗೆ ತಾನು ಯಾರಿಗೂ ಉಪಯೋಗವಿಲ್ಲದವನೆಂಬ ಭಾವವು ಒಳಗಿನಿಂದ ಕೊರೆಯುವುದು. ಹೊರಗಿನಿಂದ ಹದ್ದೆಂಬ ಬಿರುದು ಬೇರೆ. ದಕ್ಷಿಣ ಆಫ್ರಿಕೆಯ ಛಾಯಾಗ್ರಾಹಕ ಕೆವಿನ್ ಕಾರ್ಟರನು ೧೯೯೩ರಲ್ಲಿ ಸುಡಾನಿನ ಕ್ಷಾಮದಲ್ಲಿ ತೆಗೆದ ಮಗುವಿನ ಚಿತ್ರಕ್ಕೆ ೧೯೯೪ರಲ್ಲಿ ಪುಲಿಟ್ಜರ್ ಪ್ರಶಸ್ತಿಯು ಬಂದಾಗ, ಆ ಚಿತ್ರದಲ್ಲಿದ್ದ ಹದ್ದಿನೊಡನೆ ಅವನನ್ನೂ ಹೋಲಿಸಿ ಜರೆದವರಿದ್ದರು. ಅದೇ ವರ್ಷ ಜುಲೈ ತಿಂಗಳಿನಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಸಾಲ, ಸ್ನೇಹಿತನ ಮರಣ ಮೊದಲಾದ ಅನೇಕ ಕಾರಣಗಳು ಅಲ್ಲಿ ಕೂಡಿದ್ದುವು. ಆದರೂ ಕಂಡ ದೃಶ್ಯಗಳು ತನ್ನನ್ನು ಬಿಡುತ್ತಿಲ್ಲವೆಂಬುದನ್ನು ಅವನು ಬರೆದಿಟ್ಟೇ ಹೋದನು.

ಹದ್ದಿನಂತೆ ವರ್ತಿಸುವವರು ಇಲ್ಲವೆಂದಲ್ಲ. ಹೆಣದ ಮೇಲೆ ಬಿದ್ದು ಅಳುವ ಹೆಂಗಸಿನ ಬಾಯಿಗೆ ಧ್ವನಿಗ್ರಾಹಕವನ್ನು ತುರುಕಿ, ಈಗ ಹೇಗನಿಸುತ್ತಿದೆಯೆಂದು ಕೇಳುವ ದೂರದರ್ಶನ ವಾಹಿನಿಗಳ ತರುಣರನ್ನು ಯಾರು ಕಂಡಿಲ್ಲ? ಆದರೆ ಆ ತರುಣನು ಮೇಲೆ ಹೇಳಿದ ಕಲ್ಲೆದೆಯ ಮತದ ಶಿಷ್ಯನೇ ಅಲ್ಲವೆ? ತನ್ನ ನೋವನ್ನು ನೋವೆಂದು ಒಪ್ಪಿಕೊಳ್ಳಬಾರದೆಂದು ಯಾರಿಗೆ ಪಾಠವಾಗಿದೆಯೋ ಅವನಿಗೆ ಇತರರ ನೋವು ತಿಳಿಯುವ ದಾರಿಯೂ ಮುಚ್ಚಿಹೋಗುವುದು. ಗುರುವನ್ನು ಬಿಟ್ಟು ಶಿಷ್ಯನನ್ನು ಹೊಡೆಯುವುದು ಯಾವ ನ್ಯಾಯ?

ಎಲ್ಲಕ್ಕಿಂತ ಕಠಿಣವಾದುದು ರೈತರ ಸಾವು. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರು ಮಾನ್ವಿ ಸೀಮೆಯ ಕೊನೆಯ ಭಾಗದ ಹೊಲಗಳನ್ನು ಮುಟ್ಟದೆ ಹೋದ ವರ್ಷಗಳೆಷ್ಟೋ. ಮಳೆಯನ್ನೇ ನಂಬಿದ ಹತ್ತಿ, ತೊಗರಿಗಳ ಗತಿಯನ್ನು ಹೇಳಬೇಕಾಗಿಲ್ಲ. ಸಾಲದಿಂದ ನೊಂದು ತೀರಿಕೊಂಡ ರೈತನ ಕುಟುಂಬಕ್ಕೆ ಕರ್ನಾಟಕ ಸರಕಾರವು ೨೦೧೫ರಲ್ಲಿ ಪರಿಹಾರದ ಹಣವನ್ನು ೫ ಲಕ್ಷ ರೂಪಾಯಿಗಳಿಗೆ ಏರಿಸಿತು. ಆದರೆ ಸಾವಿಗೆ ಸಾಲವೇ ಕಾರಣವೆಂದು ಅಧಿಕಾರಿಗಳ ಸಮಿತಿಯು ಒಪ್ಪಬೇಕು. ಆಗ ವಿಧವೆಯು ಬಾತ್ಮೀದಾರನ ಕಡೆಗೆ ತಿರುಗುವಳು: "ಸಾಲ ಆಗಿತ್ತಂತ ಬರೀರಿ ಅಣ್ಣಾ, ನೀವು ಬರದ್ರ ಸಾಹೇಬ್ರು ನೋಡ್ತಾರ." ಭಾರತೀಯ ಪತ್ರಿಕಾ ಮಂಡಲಿಯು ೨೦೧೯ರಲ್ಲಿ ಅಂಗೀಕರಿಸಿದ ಸೂತ್ರಗಳಾದರೋ ಇಂಥ ಸಾವುಗಳನ್ನು ದೊಡ್ಡ ಅಕ್ಷರಗಳಲ್ಲಿ ಎತ್ತಿ ತೋರಿಸಬಾರದು, ವಿಧಾನವನ್ನು ವರ್ಣಿಸಬಾರದೆಂದು ವಿಧಿಸುವುವು. ಸೂತ್ರವು ಯುಕ್ತವಾದುದೇ. ವಿಧವೆಯ ಮಾತೂ ಸತ್ಯವೇ. ಈ ಎರಡರ ನಡುವೆ ಸಿಕ್ಕಿದವನು ಬರೆದ ವರದಿಯಿಂದ ಹಣವು ಬಂದರೆ ಸರಿ. ಬರದಿದ್ದರೆ ಆ ಮನೆಯ ಓಣಿಯನ್ನು ಬಿಟ್ಟು ಬೇರೆ ಓಣಿಯಿಂದ ಹೋಗುವ ಅಭ್ಯಾಸವಾಗುವುದು. ಹೀಗೆ ವರ್ಷಕ್ಕೆ ಒಂದೆರಡರಂತೆ ಓಣಿಗಳು ಮುಚ್ಚುತ್ತ ಹೋದರೆ ಅವನಿಗೆ ಊರಿನಲ್ಲಿ ತಿರುಗಾಡಲು ಉಳಿಯುವುದೆಷ್ಟು? ವರದಿಯ ಕೆಳಗೆ, ಮನಸ್ಸು ನೊಂದವರು ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಬೇಕೆಂದು ಅಚ್ಚುಹಾಕುವ ಪದ್ಧತಿಯು ಬಂದಿದೆ. ಕೇಂದ್ರ ಸರಕಾರವು ೨೦೨೨ರ ಅಕ್ಟೋಬರ್‌ನಲ್ಲಿ ತೆರೆದ ಸಹಾಯವಾಣಿಯದು ಆ ಸಂಖ್ಯೆ. ಆ ಸಾಲಿನ ಮೇಲ್ಗಡೆ ವರದಿಯನ್ನು ಬರೆದವನೂ ಮನಸ್ಸುಳ್ಳವನೆಂಬುದು ಅಚ್ಚುಹಾಕುವವರಿಗೆ ಹೊಳೆಯುವುದಿಲ್ಲ.

ಇದೆಲ್ಲವೂ ಭಾವುಕತೆಯೆಂದು ತಳ್ಳಿಹಾಕಲು ವೈದ್ಯಶಾಸ್ತ್ರವೂ ಈಗ ಅವಕಾಶವನ್ನು ಕೊಡುವುದಿಲ್ಲ. ಆಘಾತೋತ್ತರವಾದ ಮನೋವ್ಯಾಧಿಯೊಂದುಂಟೆಂಬುದನ್ನು ಅಮೇರಿಕೆಯ ಮನೋವೈದ್ಯರ ಸಂಘವು ೧೯೮೦ರಲ್ಲಿ ತನ್ನ ಗ್ರಂಥದಲ್ಲಿ ಸೇರಿಸಿತು. ನಿದ್ರೆಯಿಲ್ಲದಿರುವುದು, ಕಂಡುದೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಪ್ರಿಯರಾದವರಲ್ಲಿಯೂ ಮನಸ್ಸು ಬತ್ತಿಹೋಗುವುದು ಅದರ ಲಕ್ಷಣಗಳು. ೨೦೧೩ರ ಪರಿಷ್ಕರಣದಲ್ಲಿ ಅದಕ್ಕೆ ಮಹತ್ತ್ವದ ಮಾತೊಂದು ಕೂಡಿತು: ಸಾಮಾನ್ಯನು ಪರದೆಯ ಮೇಲೆ ಕಂಡುದನ್ನು ಈ ವ್ಯಾಧಿಗೆ ಕಾರಣವೆಂದು ಗಣಿಸಲಾಗದು, ಆದರೆ ಉದ್ಯೋಗದ ನಿಮಿತ್ತವಾಗಿ ಅಂಥವನ್ನು ಮೇಲಿಂದ ಮೇಲೆ ನೋಡಬೇಕಾದವನ ವಿಷಯದಲ್ಲಿ ಗಣಿಸಬಹುದು. ಹಾಗಾದರೆ ಹೆಣಗಳ ಚಿತ್ರಗಳಲ್ಲಿ ಅಚ್ಚಿಗೆ ತಕ್ಕುದನ್ನು ಆರಿಸುವ ಉಪಸಂಪಾದಕನೂ ಈ ಲೆಕ್ಕಕ್ಕೆ ಸೇರಿದನು. ಕೆನಡಾ ದೇಶದ ಮನೋವೈದ್ಯ ಆಂಟನಿ ಫೈನ್‌ಸ್ಟೈನರು ೧೪೦ ಮಂದಿ ಯುದ್ಧವರದಿಗಾರರನ್ನು ಪರೀಕ್ಷಿಸಿ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ೨೮.೬ರಷ್ಟು ಜನರಿಗೆ ಜೀವಮಾನದಲ್ಲಿ ಎಂದಾದರೂ ಈ ವ್ಯಾಧಿಯು ತಗುಲಿದ್ದಿತೆಂದು ಕಂಡುಬಂದಿತು. ಸಮುದ್ರವನ್ನು ದಾಟಿ ಮನೆಗೆ ಮರಳುವವರ ಲೆಕ್ಕವೇ ಹೀಗಿದ್ದರೆ ಸಾವಿನ ಮನೆಯ ನೆರೆಯಲ್ಲಿಯೇ ಬಾಳುವವರ ಲೆಕ್ಕವೇನು?

ಉಪಾಯವು ದೂರದಲ್ಲಿಲ್ಲ. ಜಿಲ್ಲೆಯ ಮಟ್ಟದಲ್ಲಿ ಮನೋರೋಗ ಚಿಕಿತ್ಸೆಯನ್ನು ಜನರ ಬಳಿಗೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಲ್ಲಿ ಕೈಕೊಂಡುದು ನೆರೆಯ ಬಳ್ಳಾರಿಯಲ್ಲಿ. ಆ ಬಳ್ಳಾರಿಯ ಮಾದರಿಯಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ತುಂಗಭದ್ರೆಯ ನೆರೆಹೊರೆಯಲ್ಲಿ ಹುಟ್ಟಿದ ವಿದ್ಯೆಯು ಅದೇ ಹೊಳೆಯ ದಡದ ಬಾತ್ಮೀದಾರನಿಗೆ ಎಟುಕದಿರಲು ಕಾರಣವು ನಾಚಿಕೆಯಲ್ಲದೆ ಬೇರೇನು? ಹುಚ್ಚನೆಂದಾರೆಂಬ ಭಯ, ಜಾಗವು ಇನ್ನೊಬ್ಬನಿಗೆ ಹೋದೀತೆಂಬ ಭಯ. ಈ ಎರಡನೆಯ ಭಯವು ನಿರಾಧಾರವಲ್ಲ. ಪತ್ರಕರ್ತರ ದುಡಿಮೆಯ ವೇಳೆ, ರಜೆ ಮೊದಲಾದವನ್ನು ನಿಯಮಿಸಿದ ೧೯೫೫ರ ಶಾಸನವು ಯಾರ ಮುಖ್ಯ ಕಸಬು ಪತ್ರಿಕೋದ್ಯೋಗವೋ ಮತ್ತು ಯಾರು ಪತ್ರಿಕಾ ಸಂಸ್ಥೆಯ ನೌಕರನೋ ಅವನನ್ನು ಮಾತ್ರ ರಕ್ಷಿಸಿತು. ೨೦೨೫ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಲೀನವಾಯಿತು. ನೌಕರನೆಂದೇ ಬರೆದುಕೊಳ್ಳದ ತಾಲ್ಲೂಕಿನವನು ಹಳೆಯ ಶಾಸನದ ಬಾಗಿಲಿನ ಹೊರಗೆ ನಿಂತಿದ್ದನು. ಹೊಸದರ ಬಾಗಿಲಿನಲ್ಲಿಯೂ ಅವನನ್ನು ಯಾರೂ ಕೈಹಿಡಿದು ಒಳಗೆ ಕರೆದಂತಿಲ್ಲ. ಲಾಭದ ಪುಸ್ತಕದಲ್ಲಿ ಅವನು ತಂದ ಜಾಹೀರಾತು ಇದೆ, ಖರ್ಚಿನ ಪುಸ್ತಕದಲ್ಲಿ ಅವನ ಹೆಸರಿಲ್ಲ.

ಮೊಸರಕಲ್ಲಿನ ಗೋಪಾಲದಾಸರು ರೋಗಪೀಡಿತರಾದ ಮಾನ್ವಿಯ ಜಗನ್ನಾಥದಾಸರಿಗೆ ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂಬ ಕಥೆಯನ್ನು ಈ ಸೀಮೆಯ ಮನೆಮನೆಯಲ್ಲಿ ಹೇಳುವರು. ದೇವದುರ್ಗದ ಕಡೆಯವರು ಮಾನ್ವಿಯವರಿಗೆ ಕೊಟ್ಟ ಆ ದಾನವನ್ನು ಕೊಂಡಾಡುವ ಮನೆಗಳಲ್ಲಿಯೇ, ದಿನದಿನವೂ ಊರಿನ ದುಃಖಕ್ಕಾಗಿ ತನ್ನ ನಿದ್ರೆಯನ್ನೂ ಆಯುಸ್ಸನ್ನೂ ತೆರುತ್ತಿರುವವನನ್ನು ಪೇಪರಿನವನೆಂದು ಹೊಸ್ತಿಲಾಚೆ ನಿಲ್ಲಿಸುವುದು ವಿಚಿತ್ರವಾಗಿದೆ.

ಪ್ರತಿವರ್ಷ ಜುಲೈ ೧ರಂದು ಜಿಲ್ಲೆ ಜಿಲ್ಲೆಗಳಲ್ಲಿ ಪತ್ರಿಕಾ ದಿನಾಚರಣೆಯು ನಡೆಯುವುದು. ೧೮೪೩ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಪಂಡಿತರ 'ಮಂಗಳೂರು ಸಮಾಚಾರ'ವು ಹೊರಟಿತೆಂಬ ಸ್ಮರಣೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮಂತ್ರಿಗಳ ಭಾಷಣ. ಭಾಷಣದಲ್ಲಿ ಪತ್ರಕರ್ತನ ನಿರ್ಭೀತಿಯ ಹೊಗಳಿಕೆ. ಅವನ ನಿದ್ರೆಯನ್ನು ಕುರಿತು ಒಂದು ಮಾತಿಲ್ಲ. ಮುಂದಿನ ಜುಲೈಯಲ್ಲಿ ರಾಯಚೂರಿನ ಸಾಹಿತ್ಯಾಸಕ್ತರೂ ಪತ್ರಿಕೆಗಳ ಚಂದಾದಾರರೂ ಶಾಲಿನ ಹಣವನ್ನು ಉಳಿಸಿ ಪತ್ರಿಕೆಯ ಒಡೆಯರನ್ನೂ ಸಂಪಾದಕರನ್ನೂ ವೇದಿಕೆಗೆ ಕರೆದು ಕೇಳಬೇಕಾದುದು ಇಷ್ಟು: ಮಕ್ಕಳ ಸಾವಿನ ವಾರ್ತೆಗೆ ಹೋದವನನ್ನು ಮರುದಿನವೇ ಇನ್ನೊಂದು ಸಾವಿನ ಮನೆಗೆ ಅಟ್ಟದೆ ಬೇರೊಬ್ಬನನ್ನು ಕಳುಹಿಸುವಿರಾ? ಭಾವಚಿತ್ರಕ್ಕಾಗಿ ಎರಡನೆಯ ಸಲ ಅಳುವ ಮನೆಗೆ ಹೋಗಲಾರೆನೆಂದವನ ಜಾಗವು ಉಳಿಯುವುದೇ? ಗುಳೆಗಾರರ ಅಪಘಾತದಂಥ ವಾರ್ತೆಯನ್ನು ಮುಗಿಸಿದವನಿಗೆ ಸಂಬಳಸಹಿತವಾದ ಎರಡು ದಿನಗಳ ಬಿಡುವುಂಟೇ? ಸಂಬಳವೇ ಇಲ್ಲದವನಿಗೆ ಮೊದಲು ಸಂಬಳವುಂಟೇ? ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮನೋವೈದ್ಯರನ್ನು ವರ್ಷಕ್ಕೊಮ್ಮೆಯಾದರೂ ತಾಲ್ಲೂಕಿನ ಬಾತ್ಮೀದಾರರೊಡನೆ, ಒಡೆಯರು ಇಲ್ಲದ ಕೋಣೆಯಲ್ಲಿ, ಕೂಡಿಸುವಿರಾ? ಇವಕ್ಕೆ ಹಣವು ಬೇಕಾಗುವುದು. ಪತ್ರಿಕೆಯ ಬೆಲೆಯು ಅದಕ್ಕಾಗಿ ಒಂದು ರೂಪಾಯಿ ಏರುವುದಾದರೆ ಕೊಡಲು ತಾವು ಸಿದ್ಧರೇ ಎಂಬುದನ್ನು ಸಭೆಯಲ್ಲಿ ಕುಳಿತ ಚಂದಾದಾರರು ಅಂದೇ ಕೈಯೆತ್ತಿ ಹೇಳಲಿ.